ಎಡ ಬಲ ತಿಳಿಯದ ನಮ್ಮ ಅತ್ಯಾ

ನಮ್ಮ ಅತ್ಯಾಗೆ ಎಡ ಯಾವುದು, ಬಲ ಯಾವುದು ಅನ್ನುವುದು ಗೊತ್ತಿಲ್ಲ.

ಇದರಲ್ಲೇನು ವಿಶೇಷ, ಅಂಥವರು ನಮ್ಮ ಮನೆಯಲ್ಲೂ ಒಬ್ಬರಿದ್ದಾರೆ ಎಂದು ನೀವು ಅನ್ನಬಹುದು. ಇರಲಿ, ಸಂತೋಷ. ಆದರೆ ನಿಮ್ಮ ಮನೆಯವರು ಭರತನಾಟ್ಯ ಕಲಿಸುತ್ತಾರೆಯೇ? ಸೋಮವಾರ ಬೀಳಗಿ, ಬುಧವಾರ ಮುಧೋಳ, ಶುಕ್ರವಾರ ಬನಹಟ್ಟಿ, ಉಳಿದ ದಿನ ನಮ್ಮ ಜಮಖಂಡಿ ಎಂದು ವಾರವಿಡೀ ಬಸ್ಸು ಹತ್ತಿ ಇಳಿದು, ನಾಲ್ಕು ಊರಿನ ಹುಡುಗಿಯರಿಗೆ 'ಈ ಕಾಲು ಎತ್ತು, ಆ ಕೈ ಚಾಚು' ಎಂದು ಹೇಳಿಕೊಡುತ್ತಾರೆಯೇ? ನಮ್ಮ ಅತ್ಯಾ ಹೇಳಿಕೊಡುತ್ತಾಳೆ. ಅದೂ ಇವತ್ತು ನಿನ್ನೆಯಿಂದಲ್ಲ, ನನಗೆ ಮೀಸೆ ಮೂಡುವುದಕ್ಕೂ ಮೊದಲಿನಿಂದ!

ಅತ್ಯಾ ಅಂದರೆ ನಮ್ಮಪ್ಪನ ತಂಗಿ. ಧಾರವಾಡದ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದಲು ಹೋದವಳು ಡಿಗ್ರಿಯ ಜೊತೆಗೆ ನೃತ್ಯವನ್ನೂ ಕಲಿತು ಬಂದಳು. ಡಿಗ್ರಿ ಟ್ರಂಕಿನ ತಳ ಸೇರಿತು, ಗೆಜ್ಜೆ ಹೊರಗೆ ಉಳಿಯಿತು. ಮದುವೆ ಮಾಡಿಕೊಳ್ಳಲಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ವರ ನೋಡಾಕ ಬಂದಾಗ ನಾ ಬಸ್ಸಿನ್ಯಾಗಿದ್ದೆ." ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ನಾವು ಮೂವರು. ಅತ್ಯಾ, ನಮ್ಮವ್ವ ಮತ್ತು ಬ್ಯಾಂಕಿನ ಕೌಂಟರಿನಲ್ಲಿ ಕೂತು ಕೂತು ಹೊಟ್ಟೆ ಬೆಳೆಸಿಕೊಂಡ ನಾನು. ಅತ್ಯಾ ಅವ್ವನನ್ನು ವೈನಿ ಎನ್ನುತ್ತಾಳೆ. ಅಣ್ಣನ ಹೆಂಡತಿಯನ್ನು ನಮ್ಮ ಕಡೆ ಹಾಗೆ ಕರೆಯುವುದು ರೂಢಿ. ಈ ವೈನಿ ನಾದಿನಿಯರು ಬೆಳಗಿನ ಚಹಾಕ್ಕೆ ಶುರು ಮಾಡಿದ ಜಗಳವನ್ನು ರಾತ್ರಿ ಹಾಸಿಗೆ ಹಾಸುವಾಗ ಮಡಚಿಟ್ಟು, ಮರುದಿನ ಚಹಾಕ್ಕೆ ಮತ್ತೆ ಬಿಚ್ಚುತ್ತಾರೆ. ಯಾವ ವಿಷಯಕ್ಕೆ ಅಂತ ಕೇಳಬೇಡಿ. ವಿಷಯ ಇದ್ದರೆ ಜಗಳ ಬೇಗ ಮುಗಿದುಬಿಡುತ್ತದಲ್ಲ!

ಎಡಬಲ ತಿಳಿಯದ್ದಕ್ಕೆ ಅತ್ಯಾಳ ಹತ್ತಿರ ಒಂದು ದೊಡ್ಡ ಸಿದ್ಧಾಂತವಿದೆ. "ನಾ ಹುಡುಗ್ಯಾರ ಎದುರಿಗೆ ನಿಂತು ಕಲಸ್ತೀನಿ. ಅವರು ಬಲಗಾಲ ಎತ್ತಬೇಕಂದ್ರ ನಾ ಎಡಗಾಲ ಎತ್ತಿ ತೋರಿಸಿ, ಬಾಯಿಲೆ 'ಬಲಗಾಲ' ಅನಬೇಕು. ಮೂವತ್ತ ವರ್ಷ ಹಂಗ ಅಂದ್ರ ನಿನಗೂ ಮರೀತದ."

ಅವ್ವ ಅಡುಗೆಮನೆಯಿಂದಲೇ ಈ ಸಿದ್ಧಾಂತವನ್ನು ಹೊಡೆದು ಹಾಕುತ್ತಾಳೆ. "ಬರೇ ಸುಳ್ಳ. ನಾ ಈ ಮನಿಗೆ ಸೊಸಿ ಆಗಿ ಬಂದಾಗ ಈಕಿ ಸಾಲಿಗೆ ಹೋಗತಿದ್ಲು. ಆವಾಗೂ ಚಪ್ಪಲಿ ಅದಲ ಬದಲ ಹಾಕ್ಕೊಂಡ ಹೋಗತಿದ್ಲು."

ಹಾಗಾದರೆ ಕಲಿಸುವುದು ಹೇಗೆ? ಬಹಳ ಸುಲಭ. ಅತ್ಯಾ ದಿಕ್ಕನ್ನು ಹೇಳುವುದಿಲ್ಲ, ದಿಕ್ಕಿನಲ್ಲಿ ಇರುವುದನ್ನು ಹೇಳುತ್ತಾಳೆ. ಜಮಖಂಡಿಯ ಕ್ಲಾಸು ನಡೆಯುವುದು ನಮ್ಮ ಮನೆಯ ಪಡಸಾಲೆಯಲ್ಲಿ. ಅದರ ಒಂದು ಬಾಗಿಲು ಬಾವಿಗೆ ತೆರೆಯುತ್ತದೆ, ಇನ್ನೊಂದು ತುಳಸಿಕಟ್ಟೆಗೆ. ಆದ್ದರಿಂದ ಜಮಖಂಡಿಯ ಹುಡುಗಿಯರು "ಬಾವಿ ಕಡೆ ಕಾಲು, ತುಳಸಿ ಕಡೆ ಕಣ್ಣು" ಎಂದು ಕಲಿತಿದ್ದಾರೆ. ಬನಹಟ್ಟಿಯ ಕ್ಲಾಸು ಒಬ್ಬ ನೇಕಾರರ ಮನೆಯ ಮಾಳಿಗೆಯ ಮೇಲೆ. ಅಲ್ಲಿ ಒಂದು ಕಡೆ ಮಗ್ಗದ ಶೆಡ್ಡು, ಇನ್ನೊಂದು ಕಡೆ ಚಹಾದಂಗಡಿ. "ಮಗ್ಗದ ಕಡೆ ಬಾಗು, ಚಾದಂಗಡಿ ಕಡೆ ನಗು." ಬೀಳಗಿಯಲ್ಲಿ ಒಂದು ಖಾಲಿ ಕೋಣೆ. ಅದರ ಒಂದು ಗೋಡೆಗೆ ನೀಲಿ ಬಣ್ಣ ಹಚ್ಚುವಷ್ಟರಲ್ಲಿ ಬಣ್ಣ ಮುಗಿದು, ಎದುರು ಗೋಡೆ ಹಾಗೇ ಉಳಿದಿತ್ತು. "ನೀಲಿ ಗ್ವಾಡಿ, ಬರೇ ಗ್ವಾಡಿ" ಎಂದು ಅಲ್ಲಿನ ಪಾಠ. ಒಂದು ದೀಪಾವಳಿಗೆ ಕೋಣೆಯ ಮಾಲೀಕರು ಭಕ್ತಿಯಿಂದ ಎರಡನೇ ಗೋಡೆಗೂ ನೀಲಿ ಹಚ್ಚಿಸಿದರು. ಸೋಮವಾರ ಅಲ್ಲಿಗೆ ಹೋದ ಅತ್ಯಾ ಕೋಣೆಯ ನಡುವೆ ನಿಂತು ಸುತ್ತಲೂ ನೋಡಿ, "ಇವತ್ತ ಬರೇ ಕಣ್ಣಿನ ಅಭ್ಯಾಸ ಮಾಡೋಣು" ಎಂದು ಹುಡುಗಿಯರನ್ನು ಕೂರಿಸಿಬಿಟ್ಟಳಂತೆ.

ಮುಧೋಳದ್ದು ಇನ್ನೂ ಮಜಾ. ಅಲ್ಲಿನ ಕ್ಲಾಸು ಒಬ್ಬ ನಿವೃತ್ತ ಮಾಸ್ತರರ ಅಂಗಳದಲ್ಲಿ. ಅಂಗಳದ ಒಂದು ಬದಿಗೆ ಗೇಟು, ಇನ್ನೊಂದು ಬದಿಗೆ ಬೇವಿನ ಗಿಡದ ಕೆಳಗೆ ಅವರ ನಾಯಿ. ಮುಧೋಳದ ನಾಯಿ ಅಂದರೆ ಗೊತ್ತಲ್ಲ, ಉದ್ದ ಕಾಲು, ಒಳಸೇರಿದ ಹೊಟ್ಟೆ, ನಮ್ಮ ಅತ್ಯಾಳ ಯಾವ ಶಿಷ್ಯೆಗೂ ಇಲ್ಲದಂಥ ನಡು! ಮಾಸ್ತರರು ಅದನ್ನು ಮರಿಯಿದ್ದಾಗ ತಿಮ್ಮಾಪುರದ ನಾಯಿ ಸಾಕುವ ಕೇಂದ್ರದಿಂದ ತಂದು ಸಾಕಿದ್ದರು. ಅದು ಕ್ಲಾಸು ಮುಗಿಯುವವರೆಗೂ ಕದಲದೆ ಕೂತು ನೋಡುತ್ತಿತ್ತು. "ನಾಯಿ ಕಡೆ ಕೈ, ಗೇಟ ಕಡೆ ಮಾರಿ" ಎಂದು ಅತ್ಯಾ ಕೋಲು ತಟ್ಟುತ್ತಿದ್ದಳು. ಒಂದು ದಿನ ಅದಕ್ಕೆ ಬೆಕ್ಕು ಕಂಡಿತು. ಆಮೇಲೆ ಕೇಳಬೇಕೆ? ನಾಯಿ ಅಂಗಳವನ್ನು ಸುತ್ತು ಹಾಕಿತು, ಹುಡುಗಿಯರ ಕೈಗಳೂ ನಾಯಿಯ ಹಿಂದೆ ಸುತ್ತು ಹಾಕಿದವು. ಗುರುವಿನ ಮಾತು ಮೀರುವಂತಿಲ್ಲವಲ್ಲ! ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ ಮಾಸ್ತರರ ಹೆಂಡತಿ ಕೈಯ ಕೆಲಸ ಬಿಟ್ಟು ನೋಡಿದರು. "ಅಕ್ಕೋರ, ಈ ಹೊಸಾ ಸುತ್ತು ಭಾಳ ಛಲೋ ಆಗೇತ್ರಿ." ಅತ್ಯಾ ಒಂದು ಕ್ಷಣ ಯೋಚಿಸಿದಳಂತೆ. ಆ ಸುತ್ತನ್ನು ಇವತ್ತಿಗೂ ಮುಧೋಳದವರು ಮಾಡುತ್ತಾರೆ.

ಮೊಣಕಾಲಿನ ಕತೆಗೆ ಮಾತ್ರ ನಾನೇ ಸಾಕ್ಷಿ. ಎರಡು ವರ್ಷದ ಹಿಂದೆ ಅತ್ಯಾಳ ಒಂದು ಮೊಣಕಾಲು ನೋಯಲು ಶುರುವಾಯಿತು. ಎಷ್ಟೋ ವರ್ಷ ಸಿಮೆಂಟಿನ ನೆಲಕ್ಕೆ ಕಾಲು ಬಡಿದದ್ದಕ್ಕೆ ಸಿಕ್ಕ ಬಹುಮಾನ. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

"ಯಾವ ಮೊಣಕಾಲ ನೋಯ್ತದ್ರಿ?" ಎಂದರು ಡಾಕ್ಟರು.

"ಬಾವಿ ಕಡೇದು."

ಡಾಕ್ಟರು ಕನ್ನಡಕ ತೆಗೆದು ಅತ್ಯಾಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಆಸ್ಪತ್ರೆಯ ನೆಲದ ಮೇಲೆ ನಮ್ಮ ಪಡಸಾಲೆಯನ್ನು ಕಲ್ಪಿಸಿಕೊಂಡು, ಬಾವಿ ಇಲ್ಲಿ, ತುಳಸಿ ಅಲ್ಲಿ ಎಂದು ಲೆಕ್ಕ ಹಾಕಿ ಒಂದು ಮೊಣಕಾಲು ತೋರಿಸಿದೆ. ಎಕ್ಸ್‌ರೇ ಬಂತು. ಡಾಕ್ಟರು ಬೆಳಕಿಗೆ ಹಿಡಿದು, "ಏನೂ ಇಲ್ಲರೀ, ಹದಿನೆಂಟ ವರ್ಷದವರ ಮೊಣಕಾಲ ಇದ್ದಂಗ ಐತಿ" ಎಂದರು.

"ಹೌದ್ರಿ, ಅದೇನೂ ನೋಯಂಗಿಲ್ಲ. ಅದು ತುಳಸಿ ಕಡೇದು" ಎಂದಳು ಅತ್ಯಾ.

ಇಲ್ಲಿಯವರೆಗೆ ಎಲ್ಲವೂ ನಗುವ ಮಾತೇ. ನಗೆ ನಿಂತದ್ದು ಹೋದ ವರ್ಷ, ಮುಧೋಳದ ಬಸ್‌ಸ್ಟ್ಯಾಂಡಿನ ಹತ್ತಿರ. ಬಸ್ಸು ಇನ್ನೂ ಪೂರ್ತಿ ನಿಂತಿರಲಿಲ್ಲ. ಇಳಿಯುವ ಅವಸರದಲ್ಲಿ ಅತ್ಯಾ ಬಾಗಿಲಿಗೆ ಬಂದಿದ್ದಳು. ಕಂಡಕ್ಟರು ಎಲ್ಲರಿಗೂ ಹೇಳುವಂತೆ "ಎಡಗಾಲ ಮುಂದ ಇಡ್ರಿ, ಎಡಗಾಲ" ಎಂದ. ಪಾಪ, ಅವನಿಗೇನು ಗೊತ್ತು? ಅತ್ಯಾ ಮೆಟ್ಟಿಲ ಮೇಲೆ ನಿಂತು ಎಡಗಾಲು ಯಾವುದೆಂದು ವಿಚಾರ ಮಾಡಿದಳು. ಬಸ್ಸು ವಿಚಾರ ಮಾಡಲಿಲ್ಲ. ಕೈ ಮುರಿಯಿತು.

ಪ್ಲಾಸ್ಟರ್ ಹಾಕಿಸಿಕೊಂಡು ಬಂದವಳು ಬಾಗಿಲಲ್ಲೇ ಅವ್ವನಿಗೆ ಕೈ ಎತ್ತಿ ತೋರಿಸಿ, "ನೋಡ್ರಿ ವೈನಿ, ಇನ್ನ ನನಗ ಎಡಬಲ ಮರಿಯಂಗಿಲ್ಲ" ಎಂದಳು. ಅವ್ವ ನಗಲಿಲ್ಲ. ಒಳಗೆ ಹೋಗಿ ಅರಿಶಿನ ಹಾಕಿದ ಹಾಲು ತಂದು ಕೊಟ್ಟಳು. ಆಮೇಲೆ ಕುಡಿದ ಲೋಟ ತೊಳೆಯುತ್ತ, ನೀರಿನ ಸದ್ದಿನಲ್ಲೂ ನಮಗೆ ಸ್ಪಷ್ಟವಾಗಿ ಕೇಳುವಂತೆ ಹೇಳಿದಳು: "ಊರೂರು ತಿರುಗೂದು ಇಲ್ಲಿಗೆ ಸಾಕು. ಮನ್ಯಾಗ ಎಷ್ಟ ಮಂದಿಗೆ ಕಲಸ್ತಿ ಕಲಸು. ಬಸ್ಸಿನ ಸುದ್ದಿ ಬ್ಯಾಡ."

ಅವ್ವ ಹೇಳಿದ್ದರಲ್ಲಿ ತಪ್ಪೇನಿತ್ತು? ನನಗೂ ಹಾಗೇ ಅನಿಸಿತ್ತು. ಆದರೆ ಪ್ಲಾಸ್ಟರಿನ ಆ ದಿನಗಳಲ್ಲಿ ಅತ್ಯಾಳನ್ನು ನೋಡಲಾಗುತ್ತಿರಲಿಲ್ಲ. ನಮ್ಮ ಮನೆ ಬಸ್ಸು ಹೋಗುವ ರಸ್ತೆಗೆ ಹತ್ತಿರ. ಹಾರ್ನ್ ಕೇಳಿದಾಗಲೆಲ್ಲ ಕಿಟಕಿಗೆ ಹೋಗಿ ನಿಂತು, "ಇದು ಬೀಳಗಿದು", "ಇದು ತೇರದಾಳದ ಮ್ಯಾಲ ಹೋಗೂದು" ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ಬೀಳಗಿಯ ಹುಡುಗಿಯರು ಫೋನಿನಲ್ಲಿ ವಿಡಿಯೋ ಕಳಿಸುತ್ತಿದ್ದರು. ಅದನ್ನು ನೋಡುತ್ತ ನೋಡುತ್ತ ಒಳ್ಳೆಯ ಕೈಯಿಂದ ಕಿಟಕಿಯ ಕಟ್ಟೆಗೆ ತಾಳ ತಟ್ಟುತ್ತಿದ್ದಳು, ವಿಡಿಯೋ ಮುಗಿದ ಮೇಲೂ ತಟ್ಟುತ್ತಿದ್ದಳು. ಊಟ ಕಡಿಮೆಯಾಯಿತು. ಜಗಳ ಪೂರ್ತಿ ನಿಂತಿತು. ಅವ್ವ ಬೇಕಂತಲೇ ಸಾರಿಗೆ ಉಪ್ಪು ಜಾಸ್ತಿ ಹಾಕಿ ನೋಡಿದಳು. ಅತ್ಯಾ ಏನೂ ಅನ್ನದೆ ಉಂಡು ಎದ್ದಳು. ಆವತ್ತು ಅವ್ವನಿಗೆ ನಿಜಕ್ಕೂ ಹೆದರಿಕೆಯಾಯಿತು.

ಪ್ಲಾಸ್ಟರ್ ತೆಗೆದ ದಿನ ಅತ್ಯಾ ಒಂದು ಶರತ್ತು ಮುಂದಿಟ್ಟಳು. "ವೈನಿ, ನಾಲ್ಕೂ ಊರಿನ ಹುಡುಗ್ಯಾರನ್ನ ಕೂಡಿಸಿ ಇಲ್ಲೇ ಜಮಖಂಡ್ಯಾಗ ಒಂದು ನೃತ್ಯ ಮಾಡಸ್ತೀನಿ. ಅದರಾಗ ತಪ್ಪಾತಂದ್ರ ಗೆಜ್ಜಿ ನಿಮ್ಮ ಕೈಯಾಗ ಕೊಟ್ಟು ಮನ್ಯಾಗ ಕುಂಡರ್ತೀನಿ. ಬ್ಯಾರೆ ಊರು ಬಂದ್. ತಪ್ಪಾಗಲಿಲ್ಲಾ, ನೀವು ಮತ್ತ ಬಸ್ಸಿನ ಸುದ್ದಿ ತಗೀಬಾರ್ದು."

"ಮಾತಂದ್ರ ಮಾತು?"

"ಮಾತಂದ್ರ ಮಾತು."

ಅತ್ಯಾ ಮಾತು ಕೊಟ್ಟರೆ ಮುಗಿಯಿತು. ಹಿಂದೊಮ್ಮೆ ಅವ್ವನ ಜೊತೆ ಏನೋ ಪಂತ ಕಟ್ಟಿ ಸೋತು, ಆವತ್ತಿನಿಂದ ಚಹಾಕ್ಕೆ ಸಕ್ಕರೆ ಬಿಟ್ಟವಳು ಇನ್ನೂ ಹಾಕಿಕೊಂಡಿಲ್ಲ. ಪಂತ ಏನಿತ್ತೆಂದು ಇಬ್ಬರಿಗೂ ಈಗ ನೆನಪಿಲ್ಲ. ಹಾಗಾಗಿ ಈ ಸಲದ ಶರತ್ತಿನ ಬಿಸಿ ನನಗೂ ತಟ್ಟಿತು. ಅವಳು ಸೋತರೆ ನಾಳೆಯಿಂದ ಆ ಕಿಟಕಿಯೇ ಗತಿ.

ನೃತ್ಯಕ್ಕೆ ಅವಳು ಆರಿಸಿಕೊಂಡದ್ದು ಸೂರ್ಯನನ್ನು. ಬೆಳಗಾಗುತ್ತದೆ, ಹುಡುಗಿಯರೆಲ್ಲ ಹುಟ್ಟುವ ಸೂರ್ಯನಿಗೆ ಕೈ ಮುಗಿಯುತ್ತಾರೆ. ಬಿತ್ತುತ್ತಾರೆ, ನೇಯುತ್ತಾರೆ, ನೀರು ತರುತ್ತಾರೆ. ಸಂಜೆಯಾಗುತ್ತದೆ, ಎದುರು ದಿಕ್ಕಿಗೆ ಹೊರಳಿ ಮುಳುಗುವ ಸೂರ್ಯನಿಗೆ ಕೈ ಮುಗಿಯುತ್ತಾರೆ. ಕೊನೆಗೆ ಮತ್ತೆ ಬೆಳಗಾಗಿ, ಮತ್ತೆ ಮೊದಲಿನ ದಿಕ್ಕಿಗೆ ನಮಸ್ಕಾರ. ನೋಡಿ, ಎಡಬಲ ತಿಳಿಯದವಳು ಪೂರ್ವ ಪಶ್ಚಿಮಕ್ಕೇ ಕೈ ಹಾಕಿದಳು!

ಎರಡು ತಿಂಗಳು ಅವಳು ಆಯಾ ಊರಿಗೆ ಹೋಗಿ ಆಯಾ ಊರಿನ ಹುಡುಗಿಯರಿಗೆ ಬೇರೆ ಬೇರೆಯಾಗಿ ಕಲಿಸಿದಳು. ಶರತ್ತು ತೀರುವ ತನಕ ಮಾತ್ರ ಎಂದು ಅವ್ವ ಬಸ್ಸಿಗೆ ಒಪ್ಪಿಗೆ ಕೊಟ್ಟಿದ್ದಳು. ಎಲ್ಲರೂ ಒಂದೇ ಕಡೆ ಸೇರಿದ್ದು ಕಾರ್ಯಕ್ರಮದ ದಿನ ಬೆಳಿಗ್ಗೆ, ಮಂಗಲ ಕಾರ್ಯಾಲಯದ ವೇದಿಕೆಯ ಮೇಲೆ. ನಲವತ್ತರ ಹತ್ತಿರ ಹುಡುಗಿಯರು. ನಾನು ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದೆ. ಹಾಡು ಹಚ್ಚುವ ಕೆಲಸ ನನ್ನದು. ಹಾಡು ಶುರುವಾಯಿತು. ಅತ್ಯಾ ಕೋಲು ತಟ್ಟಿ ಕೂಗಿದಳು: "ನಾಯಿ ಕಡೆ ಮಾರಿ ಮಾಡ್ರಿ."

ಮುಧೋಳದವರು ಒಂದು ಕಡೆ ತಿರುಗಿದರು. ಉಳಿದ ಮೂರು ಊರಿನವರು ನಾಯಿ ಎಲ್ಲಿ ಬಂತು ಎಂದು ಹೆದರಿ ಕಾಲು ಎತ್ತಿದರು.

"ಅಲ್ಲ, ಮಗ್ಗದ ಕಡೆ." ಬನಹಟ್ಟಿಯವರು ತಿರುಗಿದರು, ಜಮಖಂಡಿಯವರಿಗೆ ಡಿಕ್ಕಿ ಹೊಡೆದರು. "ನೀಲಿ ಗ್ವಾಡಿ" ಎಂದದ್ದೇ ತಡ, ಬೀಳಗಿಯವರು ವೇದಿಕೆಯ ಹಿಂದಿನ ಪರದೆಗೆ ಮುಖ ಮಾಡಿ ನಿಂತರು. ಯಾಕೆಂದರೆ ಆ ಕಾರ್ಯಾಲಯದಲ್ಲಿ ನೀಲಿ ಇದ್ದದ್ದು ಅದೊಂದೇ. ನಾಲ್ಕು ಊರು, ನಾಲ್ಕು ಪೂರ್ವ ದಿಕ್ಕು!

"ಅತ್ಯಾ, ಸುಮ್ಮನ ಎಡ ಬಲ ಅಂದುಬಿಡು" ಎಂದೆ.

"ಅದು ನನಗ ಗೊತ್ತಿರಬೇಕಲ್ಲಪಾ" ಎಂದಳು. ಹಣೆಯ ಮೇಲೆ ಬೆವರು ಇಳಿಯುತ್ತಿತ್ತು. ಅವಳು ಹಾಗೆ ಕಂಗೆಟ್ಟು ನಿಂತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನಲವತ್ತು ಹುಡುಗಿಯರು ಅವಳ ಬಾಯನ್ನೇ ನೋಡುತ್ತಿದ್ದರು.

ಆಗ ಅವ್ವ ಹುಡುಗಿಯರಿಗೆ ಶೇಂಗಾದುಂಡಿಯ ಡಬ್ಬಿ ಹಿಡಿದುಕೊಂಡು ಬಂದಳು. ಅತ್ಯಾ ಡಬ್ಬಿ ಕಸಿದು ನನ್ನ ಕೈಗೆ ಕೊಟ್ಟು, ಅವ್ವನ ರಟ್ಟೆ ಹಿಡಿದು, ವೇದಿಕೆಯ ಒಂದು ಅಂಚಿನಲ್ಲಿ ಕುರ್ಚಿ ಹಾಕಿ ಕೂರಿಸಿಬಿಟ್ಟಳು. ಕೂತ ಜಾಗ ಪ್ರೇಕ್ಷಕರಿಗೆ ಕಾಣದು, ಹುಡುಗಿಯರಿಗೆ ಕಾಣುತ್ತದೆ.

"ಎಲ್ಲಾರೂ ಇಲ್ಲೆ ನೋಡ್ರಿ. ಇವರು ನಮ್ಮ ವೈನಿ. ನಾಯಿ ಇಲ್ಲ, ಗ್ವಾಡಿ ಇಲ್ಲ. ವೈನಿ ಕಡೆ ಸೂರ್ಯ ಹುಟ್ಟತಾನ. ಎದುರಿಗೆ ನಾ ಕುಂತಿರ್ತೀನಿ, ನನ್ನ ಕಡೆ ಮುಳುಗತಾನ. ತಿಳೀತಿಲ್ಲೋ?"

"ತಿಳೀತ್ರಿ ಅಕ್ಕೋರ" ಎಂದರು ನಾಲ್ಕೂ ಊರಿನವರು ಮೊದಲ ಬಾರಿಗೆ ಒಟ್ಟಿಗೆ.

"ನಿನ್ನ ಸಲುವಾಗಿ ನಾ ಸೂರ್ಯನೂ ಆಗಬೇಕಾತು" ಎಂದು ಅವ್ವ ಗೊಣಗಿದಳು.

"ಹಾಡ ಮುಗಿಯೂ ತನಕ ಏಳಬ್ಯಾಡ್ರಿ ಅಷ್ಟ. ಕೈ ಮುಗೀತೀನಿ" ಎಂದಳು ಅತ್ಯಾ. ಮತ್ತೆ ಆಡಿಸಿ ನೋಡಿದಳು. ಒಂದೂ ತಪ್ಪಾಗಲಿಲ್ಲ.

ನನಗೆ ಮಾತ್ರ ಒಳಗೊಳಗೇ ಚಿಂತೆ. ಯೋಚಿಸಿ ನೋಡಿ, ಶರತ್ತಿನ ಎದುರಾಳಿಯನ್ನೇ ಈಕೆ ದಿಕ್ಕು ತೋರಿಸಲು ಕೂರಿಸಿದ್ದಾಳೆ! ಅವ್ವ ಒಮ್ಮೆ ಎದ್ದು ನೀರು ಕುಡಿಯಲು ಹೋದರೆ ಸಾಕು, ಅತ್ಯಾ ಸೋತಳು, ಬಸ್ಸು ಬಂದ್. ಮಧ್ಯಾಹ್ನ ಊಟದ ಹೊತ್ತಿಗೆ ಅವ್ವನನ್ನು ಮೆಲ್ಲಗೆ ಕೇಳಿದೆ: "ಅವ್ವಾ, ನಡುವ ಏಳಂಗಿಲ್ಲ ಹೌದಿಲ್ಲೋ?" ಅವ್ವ ನನ್ನನ್ನು ಹುರಿದು ತಿನ್ನುವಂತೆ ನೋಡಿದಳು. "ಗೆಲ್ಲೂದಿದ್ರ ನೆಟ್ಟಗ ಗೆಲ್ಲತೀನಿ, ಹಿಂಗಲ್ಲ. ನನ್ನ ಏನಂತ ತಿಳದೀ ಲೇ?"

ಸಂಜೆ ಕಾರ್ಯಾಲಯ ತುಂಬಿತು. ನಾಲ್ಕೂ ಊರಿನ ಅಪ್ಪ ಅವ್ವ, ಅಜ್ಜ ಅಜ್ಜಿ, ಮೊಬೈಲು ಎತ್ತಿ ಹಿಡಿದ ಕಾಕಾಗಳು. ಅವ್ವ ಜರಿ ಸೀರೆ ಉಟ್ಟು ತನ್ನ ಕುರ್ಚಿಯಲ್ಲಿ ಕೂತಳು. ನಾನು ಅವಳ ಕಾಲ ಹತ್ತಿರ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ವೇದಿಕೆಯ ಎದುರಿನ ಅಂಚಿನಲ್ಲಿ, ಜನರಿಗೆ ಕಾಣುವಂತೆ, ಅತ್ಯಾ ಮಣೆ ಮತ್ತು ಕೋಲು ಇಟ್ಟುಕೊಂಡು ನೆಲದ ಮೇಲೆ ಕಾಲು ಮಡಚಿ ಕೂತಳು. ಕುರ್ಚಿ ತಂದುಕೊಡುತ್ತೇನೆ ಅಂದಿದ್ದೆ. "ತಾಳ ಹಿಡಿಯಾಕಿ ಕುರ್ಚಿ ಮ್ಯಾಲ ಕುಂಡ್ರಂಗಿಲ್ಲ" ಎಂದು ನನ್ನ ಬಾಯಿ ಮುಚ್ಚಿಸಿದ್ದಳು. ಹಾಡು ರೆಕಾರ್ಡಿನದು, ತಾಳ ಮಾತ್ರ ಅವಳದೇ.

ಹಾಡು ಶುರುವಾಯಿತು. ನಲವತ್ತು ಹುಡುಗಿಯರು ನಮ್ಮವ್ವನ ಕಡೆ ಹೊರಳಿ ಕೈ ಮುಗಿದರು. ಅವ್ವ ಗಾಬರಿಯಾಗಿ ತಾನೂ ಕೈ ಮುಗಿದಳು. ಸೂರ್ಯ ಹುಟ್ಟಿದ. ಬಿತ್ತಿದರು, ಬಾಗಿದರು, ಬನಹಟ್ಟಿಯ ಹುಡುಗಿಯರು ನೇಯುವುದನ್ನು ಆಡಿ ತೋರಿಸಿದಾಗ ಸಭೆಯ ಒಂದು ಮೂಲೆಯೇ ಎದ್ದು ಚಪ್ಪಾಳೆ ಹೊಡೆಯಿತು. ಒಬ್ಬಳೂ ತಪ್ಪಲಿಲ್ಲ. ಸಂಜೆಯಾಯಿತು, ಎಲ್ಲರೂ ಅತ್ಯಾಳ ಕಡೆ ಹೊರಳಿದರು. ಇನ್ನೇನು, ಗೆದ್ದೆವು! ಕೊನೆಯ ಚರಣ ಒಂದು ಉಳಿದಿತ್ತು.

ಅಷ್ಟರಲ್ಲಿ ನನ್ನ ಪಕ್ಕದ ಕುರ್ಚಿ ಕಿರ್ ಎಂದಿತು. ನೋಡಿದರೆ ಅವ್ವ ಎದ್ದು ನಿಂತಿದ್ದಾಳೆ.

"ಅವ್ವಾ, ಕುಂಡ್ರು. ಇನ್ನೂ ಮುಗಿದಿಲ್ಲ" ಎಂದು ಸೀರೆಯ ಸೆರಗು ಹಿಡಿದೆ. ಒಂದು ಕ್ಷಣ ನನ್ನ ಹೆತ್ತವ್ವನ ಮೇಲೆಯೇ ಕೆಟ್ಟ ಅನುಮಾನ ಬಂತು, ಹೇಳುವುದಕ್ಕೆ ನಾಚಿಕೆಯಾಗುತ್ತದೆ.

"ಆಕಿ ಮಾರಿ ನೋಡು" ಎಂದಳು ಅವ್ವ.

ನೋಡಿದೆ. ಅತ್ಯಾಳ ಕೋಲು ತಾಳ ತಪ್ಪದೆ ಬೀಳುತ್ತಿತ್ತು. ಆದರೆ ತುಟಿ ಕಚ್ಚಿಕೊಂಡಿದ್ದಳು, ಕಣ್ಣಿನಲ್ಲಿ ನೀರು ತುಂಬಿತ್ತು. ಮಡಚಿದ ಮೊಣಕಾಲು ಹಿಡಿದುಕೊಂಡುಬಿಟ್ಟಿತ್ತು. ಜನರಿಗೆ ಅವಳ ಒಂದು ಬದಿ ಮಾತ್ರ ಕಾಣುತ್ತಿತ್ತು. ಪೂರ್ತಿ ಮುಖ ಕಾಣುತ್ತಿದ್ದದ್ದು ಎದುರಿಗೆ ಕೂತ ನಮಗೆ. ನಾನಂತೂ ಲ್ಯಾಪ್‌ಟಾಪು ನೋಡುತ್ತಿದ್ದೆ. ಅವ್ವ ನನ್ನ ಕೈಯಿಂದ ಸೆರಗು ಕಿತ್ತುಕೊಂಡು, ಪರದೆಯ ಹಿಂದಿನಿಂದ ಓಡಿದಳು. ಅವ್ವ ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕೊನೆಯ ಚರಣ ಬಂತು. ಬೆಳಗಾಗಬೇಕು. ನಲವತ್ತು ಹುಡುಗಿಯರು ಈ ಕಡೆ ಹೊರಳಿದರು. ಕುರ್ಚಿ ಖಾಲಿ! ಒಂದು ಕ್ಷಣ ಎಲ್ಲರೂ ಹಾಗೇ ನಿಂತರು. ಸಾಲಿನ ತುದಿಯಲ್ಲಿದ್ದ ಬೀಳಗಿಯ ಒಂದು ಪುಟ್ಟ ಹುಡುಗಿ ಆಚೀಚೆ ಹುಡುಕಿ, ಹಿಂದೆ ಹೊರಳಿ ನೋಡಿ, ಅವ್ವನನ್ನು ಕಂಡುಹಿಡಿದಳು. ಅವಳು ತಿರುಗಿದಳು, ಪಕ್ಕದವಳು ತಿರುಗಿದಳು, ಕಣ್ಣು ಮುಚ್ಚಿ ತೆರೆಯುವುದರಲ್ಲಿ ಎಲ್ಲರೂ ತಿರುಗಿದರು. ಅಲ್ಲಿ, ದೀಪದ ಬೆಳಕಿನಲ್ಲಿ, ಅಷ್ಟೂ ಜನರ ಎದುರಿಗೆ, ಜರಿ ಸೀರೆಯ ನಮ್ಮವ್ವ ನೆಲದ ಮೇಲೆ ಕೂತು, ನಾದಿನಿಯ ಕಾಲನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ತಿಕ್ಕುತ್ತಿದ್ದಳು. ಅತ್ಯಾ ಅವಳಿಗೆ ಒರಗಿಕೊಂಡು ಕೋಲು ತಟ್ಟುತ್ತಲೇ ಇದ್ದಳು. ಹುಡುಗಿಯರು ಇಬ್ಬರಿಗೂ ಕೈ ಮುಗಿದು ನಿಂತರು. ಹಾಡು ಮುಗಿಯಿತು.

ಆವತ್ತು ಜಮಖಂಡಿಯಲ್ಲಿ ಸೂರ್ಯ ಹುಟ್ಟಿದ್ದೂ ಮುಳುಗಿದ್ದೂ ಒಂದೇ ಕಡೆ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅದು ಹಾಗೇ ಇರಬೇಕಾದದ್ದು ಎಂದು ತಿಳಿದರೋ, ತಪ್ಪಾಯಿತೆಂದು ತಿಳಿದೂ ಹೊಡೆದರೋ, ನನಗೆ ಗೊತ್ತಿಲ್ಲ.

ಅತ್ಯಾಗೆ ಮಾತ್ರ ಗೊತ್ತಿತ್ತು. ಬಣ್ಣ ಹಚ್ಚುವ ಕೋಣೆಗೆ ಅವಳನ್ನು ಆ ಕಡೆ ಈ ಕಡೆ ಹಿಡಿದು ಕರೆತಂದೆವು. ಕೂತವಳೇ ಚೀಲದಿಂದ ಗೆಜ್ಜೆ ತೆಗೆದು ಅವ್ವನ ಮಡಿಲಲ್ಲಿ ಇಟ್ಟಳು. "ತಪ್ಪಾತು ವೈನಿ. ಕಡೀ ಚರಣ ಪೂರಾ ತಪ್ಪಾತು. ತಗೋರಿ."

ಅವ್ವ ಗೆಜ್ಜೆ ನೋಡುತ್ತ ಕೂತಳು. ಆಗಲೇ ಬೀಳಗಿಯ ಆ ಪುಟ್ಟ ಹುಡುಗಿಯನ್ನು ಕಂಕುಳಲ್ಲಿ ಎತ್ತಿಕೊಂಡ ಅವಳ ತಾಯಿ ಬಾಗಿಲಿಗೆ ಬಂದರು. "ಬಸ್ಸಿಗೆ ಹೊತ್ತಾತ್ರಿ ಅಕ್ಕೋರ, ಹೋಗಿ ಬರ್ತೀವಿ. ಸೋಮವಾರ ಬರ್ತೀರಿಲ್ಲೋ?"

ಅತ್ಯಾ ತಲೆ ಎತ್ತಲಿಲ್ಲ.

"ಬರ್ತಾಳವಾ" ಎಂದಳು ಅವ್ವ. "ನಾನೂ ಬರ್ತೀನಿ."

ಆಕೆ ಹೋದ ಮೇಲೆ ಅತ್ಯಾ, "ಶರತ್ತು?" ಎಂದಳು.

"ತಪ್ಪಿದ್ದು ನಿನ್ನ ಹುಡುಗ್ಯಾರಲ್ಲ, ನಾನು. ಕುಂತಲ್ಲೆ ಕುಂಡ್ರಬೇಕಿತ್ತು."

"ಮತ್ಯಾಕ ಎದ್ರಿ?"

ಅವ್ವ ಗೆಜ್ಜೆಯನ್ನು ಮತ್ತೆ ಚೀಲಕ್ಕೆ ತುಂಬುತ್ತ ಹೇಳಿದಳು: "ನಿನ್ನ ಮಾರಿ ನೋಡಿ ಕುಂಡ್ರಾಕ ಆಗಲಿಲ್ಲ. ಸಾಕೀಗ, ಏಳು. ಆದ್ರ ನೆನಪಿಡು, ಇನ್ನ ಮ್ಯಾಲ ಒಬ್ಬಾಕಿನ ಬಸ್ಸ ಹತ್ತಂಗಿಲ್ಲ."

ಅಪ್ಪ ಹೋದ ಮೇಲೆ ಮನೆ ಬಿಟ್ಟು ಹೊರಗೆ ಹೋಗದಿದ್ದ ನಮ್ಮವ್ವ ಈಗ ವಾರದಲ್ಲಿ ಮೂರು ದಿನ ಊರಲ್ಲಿರುವುದಿಲ್ಲ. ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಕಿಟಕಿಯ ಸಲುವಾಗಿ ಜಗಳವಾಡುತ್ತಾರೆ ಎಂದು ನನಗೆ ಕಂಡಕ್ಟರುಗಳಿಂದ ವರದಿ ಬರುತ್ತದೆ. ಇಳಿಯುವಾಗ ಅವ್ವ ಮೊದಲು ಇಳಿದು, ಅತ್ಯಾಳ ಯಾವ ಕಾಲು ಮೊದಲು ನೆಲಕ್ಕೆ ಬರಬೇಕೋ ಆ ಕಾಲನ್ನು ಮುಟ್ಟಿ ತೋರಿಸುತ್ತಾಳೆ. ಕ್ಲಾಸಿನಲ್ಲಿ ಒಂದು ಬದಿಗೆ ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ಯಾವ ಊರಿಗೆ ಹೋದರೂ ಈಗ ಪಾಠ ಒಂದೇ: ವೈನಿ ಕಡೆ ಮಾರಿ ಮಾಡ್ರಿ. "ಮೂಗ ತುರಸಿದ್ರ ತುರಸಾಕೂ ಬಿಡಂಗಿಲ್ಲ ಈಕಿ" ಎಂದು ಅವ್ವ ಮನೆಗೆ ಬಂದು ನನ್ನ ಮುಂದೆ ದೂರು ಹೇಳುತ್ತಾಳೆ. ದೂರು ಹೇಳುವಾಗಿನ ಅವಳ ಸಂಭ್ರಮ ನೋಡಬೇಕು!

ಹೋದ ತಿಂಗಳು ಅವ್ವನಿಗೆ ಜೋರು ಜ್ವರ ಬಂತು. ಬುಧವಾರ ಅತ್ಯಾಳನ್ನು ನಾನೇ ಮುಧೋಳಕ್ಕೆ ಸ್ಕೂಟರಿನಲ್ಲಿ ಬಿಟ್ಟು ಬ್ಯಾಂಕಿಗೆ ಬಂದೆ. ಮಧ್ಯಾಹ್ನ ಅವ್ವನಿಗೆ ಗುಳಿಗೆ ಕೊಡಲು ಮನೆಗೆ ಹೋದರೆ ಅಂಗಳದಲ್ಲಿ ಅತ್ಯಾಳ ಚಪ್ಪಲಿ. ಕ್ಲಾಸು ಮುಗಿಯುವ ಹೊತ್ತಾಗಿರಲಿಲ್ಲ. ಒಳಗೆ ನೋಡಿದರೆ ಅತ್ಯಾ ಬಸ್ಸಿನ ಚೀಲವನ್ನೂ ಹೆಗಲಿನಿಂದ ಇಳಿಸದೆ ಅವ್ವನ ಹಾಸಿಗೆಯ ಪಕ್ಕ ಕೂತಿದ್ದಾಳೆ.

"ಯಾಕ ಅತ್ಯಾ, ಹುಡುಗ್ಯಾರು ಬಂದಿರಲಿಲ್ಲೇನು?" ಎಂದೆ.

"ಎಲ್ಲಾರೂ ಬಂದಿದ್ರು. ಕುರ್ಚಿನೂ ಹಾಕಿದ್ರು" ಎಂದಳು. "ಹುಡುಗ್ಯಾರಿಗೆ ಯಾವ ಕಡೆ ತಿರಗ್ರಿ ಅಂತ ಹೇಳಲೋ ತಮ್ಮಾ? ಆ ಕುರ್ಚಿ ನೋಡಿದೆ, ನನಗ ಬಾಯೇ ಬರಲಿಲ್ಲ. ಎದ್ದು ಬಸ್ಸ ಹತ್ತಿ ಬಂದೆ."

ಅವ್ವ ಕಣ್ಣು ತೆರೆಯದೆ, ಜ್ವರದ ಕೈಯಿಂದ ಹಾಸಿಗೆಯ ಮೇಲೆ ತಡಕಾಡಿ, ಅತ್ಯಾಳ ಕೈ ಹುಡುಕಿ ಹಿಡಿದುಕೊಂಡಳು. "ಬಂದೀ?" ಎಂದಳು.

"ಬಂದೆ ವೈನಿ" ಎಂದಳು ಅತ್ಯಾ.